ಭತ್ತದ ಎಲೆಯ ಮುಂದಿಟ್ಟ ಪ್ರಶ್ನೆ

ಜೈವಿಕ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ಬಯೋಇನ್ಫರ್ಮ್ಯಾಟಿಕ್ಸ್ ಪಾಠವನ್ನು ಬ್ಲಾಸ್ಟ್ ಬಳಸುವ ವಿಧಾನದಿಂದ ಆರಂಭಿಸುವುದು ವಾಡಿಕೆ; ಒಂದು ವಂಶವಾಹಿ ಅಥವಾ ಪ್ರೋಟೀನಿನ ಅನುಕ್ರಮವನ್ನು ಕೊಟ್ಟರೆ ಅದನ್ನು ಹೋಲುವವನ್ನು ಹುಡುಕಿಕೊಡುವ ತಂತ್ರಾಂಶ ಅದು. ರಾಯಚೂರಿನ ನನ್ನ ತರಗತಿಯಲ್ಲಿ ಸಿಂಧನೂರು, ಮಾನ್ವಿ ಕಡೆಯ ಭತ್ತದ ರೈತರ ಮಕ್ಕಳೇ ಹೆಚ್ಚಾಗಿರುವುದರಿಂದ ನಾನು ಮೊದಲು ಪ್ರಶ್ನೆಯೊಂದನ್ನು ಕೊಡುತ್ತೇನೆ. ದುಂಡಾಣು ಅಂಗಮಾರಿ ತಗುಲಿದಾಗ ಸಾಂಬಾ ಮಸೂರಿಯ ಎಲೆ ತುದಿಯಿಂದ ಅಂಚಿನಗುಂಟ ಹಳದಿಯಾಗಿ ಒಣಗುತ್ತದೆ; ಅದೇ ತಳಿಯನ್ನು ಸುಧಾರಿಸಿ 2008ರಲ್ಲಿ ಬಿಡುಗಡೆ ಮಾಡಿದ ಭತ್ತ ಈ ರೋಗವನ್ನು ತಡೆದುಕೊಳ್ಳುತ್ತದೆ. ಕಾರಣವೇನು?

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ 1969ರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಆರಂಭಿಸಿದ ಸಮಸ್ಯಾಧಾರಿತ ಕಲಿಕೆಯ ಕ್ರಮ ಇದೇ: ಸಮಸ್ಯೆ ಮೊದಲು, ಅದಕ್ಕೆ ಬೇಕಾದ ತಿಳಿವಳಿಕೆ ಆಮೇಲೆ.

ಸುಧಾರಿತ ತಳಿಯಲ್ಲಿ ಎಕ್ಸ್‌ಎ21, ಎಕ್ಸ್‌ಎ13, ಎಕ್ಸ್‌ಎ5 ಎಂಬ ಮೂರು ವಂಶವಾಹಿಗಳು ಸೇರಿವೆ ಎಂಬುದನ್ನು ಗುಂಪುಗಳು ಓದಿ ಕಂಡುಕೊಳ್ಳುತ್ತವೆ. ಆಫ್ರಿಕಾದ ಕಾಡುಭತ್ತದಿಂದ ಬಂದ ಎಕ್ಸ್‌ಎ21ರ ಪ್ರೋಟೀನನ್ನು ಬ್ಲಾಸ್ಟ್‌ಗೆ ಕೊಟ್ಟರೆ ಹೋಲುವ ಪ್ರೋಟೀನುಗಳ ಉದ್ದನೆಯ ಪಟ್ಟಿಯೇ ಬರುತ್ತದೆ, ಇಂಥ ಹೋಲಿಕೆ ಆಕಸ್ಮಿಕವಾಗಿ ಎಷ್ಟು ಸಿಗಬಹುದೆಂದು ಸೂಚಿಸುವ ಇ-ಮೌಲ್ಯವೂ ಸೊನ್ನೆಯ ಹತ್ತಿರವಿರುತ್ತದೆ. ಇವೆಲ್ಲವೂ ರೋಗನಿರೋಧಕವೇ ಎಂದು ವಿದ್ಯಾರ್ಥಿಗಳು ಉತ್ಸಾಹದಿಂದ ಬರೆದುಕೊಳ್ಳುತ್ತಾರೆ. ಹೊಂದಿಕೆಯಾಗಿರುವುದು ಪ್ರೋಟೀನಿನ ಯಾವ ಭಾಗ ಎಂದಷ್ಟೇ ನಾನು ಕೇಳುತ್ತೇನೆ. ಸಸ್ಯಗಳ ಅಸಂಖ್ಯ ಪ್ರೋಟೀನುಗಳಲ್ಲಿರುವ, ಕೋಶದೊಳಗೆ ಸಂಕೇತ ದಾಟಿಸುವ ಕೈನೇಸ್ ಭಾಗವನ್ನೂ, ರೋಗಾಣುವನ್ನು ಗುರುತಿಸುವ ಹೊರಭಾಗವನ್ನೂ ಅವರು ಬೇರ್ಪಡಿಸಿ ನೋಡತೊಡಗುವುದು ಆಗ.

ನನಗೆ ಹೆಚ್ಚು ಪ್ರಿಯವಾದದ್ದು ಎಕ್ಸ್‌ಎ13. ರೋಗಕ್ಕೆ ತುತ್ತಾಗುವ ಮತ್ತು ತಡೆಯುವ ತಳಿಗಳ ಪ್ರೋಟೀನುಗಳನ್ನು ಅಕ್ಕಪಕ್ಕ ಜೋಡಿಸಿದರೆ ಉತ್ತರ ಸಿಗುವುದಿಲ್ಲ. ಸಕ್ಕರೆ ಸಾಗಿಸುವ ಈ ಪ್ರೋಟೀನಿನ ವಂಶವಾಹಿಯನ್ನು ರೋಗಾಣುವೇ ತನ್ನ ಪ್ರೋಟೀನನ್ನು ಸಸ್ಯಕೋಶದೊಳಗೆ ಕಳಿಸಿ, ಅದು ಪ್ರಮೋಟರ್‌ಗೆ (ವಂಶವಾಹಿಯ ಕೆಲಸವನ್ನು ನಿಯಂತ್ರಿಸುವ, ಅದರ ಮೇಲ್ಭಾಗದ ಡಿಎನ್ಎ ತುಣುಕಿಗೆ) ಅಂಟುವಂತೆ ಮಾಡಿ ಚಾಲೂ ಮಾಡಿಸಿಕೊಳ್ಳುತ್ತದೆ. ನಿರೋಧಕ ತಳಿಯಲ್ಲಿ ಬದಲಾಗಿರುವುದು ಆ ಪ್ರಮೋಟರ್. ಹಾಗಾಗಿ ರೋಗಾಣುವಿನ ಪ್ರೋಟೀನು ಅಲ್ಲಿ ಅಂಟಲಾರದು. ಈ ಗುಣ ಏಕೆ ಅಪ್ರಬಲ, ಅಂದರೆ ವಂಶವಾಹಿಯ ಎರಡೂ ಪ್ರತಿಗಳು ಬದಲಾಗಿದ್ದರೆ ಮಾತ್ರ ಏಕೆ ಕಾಣಿಸಿಕೊಳ್ಳುತ್ತದೆ ಎಂಬುದೂ ಅಲ್ಲಿಯೇ ತಿಳಿಯುತ್ತದೆ. ವಂಶವಾಹಿಯ ಮೇಲ್ಭಾಗದ ಅನುಕ್ರಮವನ್ನೂ ನೋಡಬೇಕೆಂದು ಗುಂಪಿಗೆ ತಾನಾಗಿ ಹೊಳೆಯುವವರೆಗೆ ಶಿಕ್ಷಕ ಬಾಯಿ ಬಿಡದೆ ಕಾಯಬೇಕು, ಮತ್ತು ಈ ವಿಧಾನದಲ್ಲಿ ಅದಕ್ಕಿಂತ ಕಷ್ಟದ ಕೆಲಸ ನನಗೆ ಕಂಡಿಲ್ಲ. ಪಠ್ಯಕ್ರಮದ ಅವಧಿ ಇದಕ್ಕೆ ಸಾಲುವುದಿಲ್ಲವೆಂಬ ಸಹೋದ್ಯೋಗಿಗಳ ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದ ನಾನು ಬೇರೆ ತಂತ್ರಾಂಶಗಳ ಪಟ್ಟಿಯನ್ನು ಕಡಿಮೆ ಮಾಡಿದ್ದೇನೆ, ಇಂಟರ್ನೆಟ್ ಕೈಕೊಟ್ಟರೂ ಕೆಲಸ ನಿಲ್ಲದಂತೆ ಅನುಕ್ರಮಗಳನ್ನು ಮೊದಲೇ ಇಳಿಸಿಟ್ಟಿರುತ್ತೇನೆ.

ಎಕ್ಸ್‌ಎ5ನ್ನು ಮಾತ್ರ ಯಾವ ಸುಳಿವೂ ಇಲ್ಲದೆ ಪರೀಕ್ಷೆಗೆ ಕೊಡುತ್ತೇನೆ. ಅದರಲ್ಲಿ ವ್ಯತ್ಯಾಸವಿರುವುದು ಪ್ರೋಟೀನಿನಲ್ಲೇ: 39ನೆಯ ಸ್ಥಾನದ ವ್ಯಾಲೀನ್ ಎಂಬ ಅಮೈನೊ ಆಮ್ಲದ ಬದಲು ಗ್ಲುಟಾಮಿಕ್ ಆಮ್ಲ ಬಂದಿರುತ್ತದೆ. ಎಕ್ಸ್‌ಎ13ರ ಅನುಭವದಿಂದ ನೇರವಾಗಿ ಪ್ರಮೋಟರ್‌ನತ್ತ ಓಡಿದವರು ಹಿಂದಿರುಗಿ ಮತ್ತೆ ಜೋಡಿಸಿ ನೋಡಬೇಕಾಗುತ್ತದೆ.