ಸಂದಿಯಲ್ಲಿ ನಿಂತ ಆಟೋ

ಬೆಳಿಗ್ಗೆ ಮನೆ ಹಿಂದಿನ ಸಂದಿಯಲ್ಲಿ ಒಂದು ಲಗೇಜ್ ಆಟೋ ಕೆಟ್ಟು ನಿಂತಿತ್ತು.
ಅದರ ಹಿಂದೆ ಹಾಲಿನವರು, ಸ್ಕೂಲ್ ವ್ಯಾನ್, ನಾನು. ಎಲ್ಲರೂ ನಿಂತೆವು.
ದೊಡ್ಡ ರಸ್ತೆಯಾಗಿದ್ದರೆ ಪಕ್ಕದಿಂದ ಹೋಗಬಹುದಿತ್ತು. ಸಂದಿಯಲ್ಲಿ ಪಕ್ಕ ಅನ್ನೋದೇ ಇಲ್ಲ ಅಲ್ವಾ.

ನಿಂತಲ್ಲೇ ಕಾರ್ಬನ್ ನ್ಯಾನೋಟ್ಯೂಬ್, ಅಂದರೆ ಕಾರ್ಬನ್ ಪರಮಾಣುಗಳ ಅತಿ ಸಪೂರ ಕೊಳವೆ, ನೆನಪಾಯಿತು.

ಸೂಪರ್‌ಕಂಡಕ್ಟರ್‌ನಲ್ಲಿ ಕರೆಂಟಿಗೆ ತಡೆಯೇ ಇರುವುದಿಲ್ಲ. ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗಿ, ಎಲ್ಲವೂ ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತವೆ. ಆದರೆ ತಂತಿ ತೀರಾ ಸಪೂರವಾದರೆ ಕಷ್ಟ. ಎಲ್ಲೋ ಒಂದು ಕಡೆ ತಾಳ ತಪ್ಪಿದರೂ ಸಾಕು, ಸುತ್ತಿ ಹೋಗೋಕೆ ದಾರಿ ಇಲ್ಲ. ಅಲ್ಲೇ ತಡೆ ಹುಟ್ಟುತ್ತದೆ.

ಆದರೂ 2001ರಲ್ಲಿ ಹಾಂಗ್‌ಕಾಂಗ್‌ನ ವಿಜ್ಞಾನಿಗಳು ಅಂಥದ್ದರಲ್ಲೇ ಹುಡುಕಿದರು. ಜಿಯೋಲೈಟ್ ಅನ್ನುವ ಹರಳಿನ ತೂತುಗಳೊಳಗೆ ಟ್ಯೂಬು ಬೆಳೆಸಿದರು. ಒಂದೊಂದರ ಅಗಲ 0.4 ನ್ಯಾನೋಮೀಟರ್.
0.4! ನಮ್ಮ ಒಂದು ಕೂದಲಿನ ಅಡ್ಡಕ್ಕೆ ಲಕ್ಷಕ್ಕೂ ಜಾಸ್ತಿ ಟ್ಯೂಬು ಜೋಡಿಸಬಹುದು. ಕೆಲವೇ ಪರಮಾಣುಗಳು ಕೈಕೈ ಹಿಡಿದು ನಿಂತ ಬಳೆ. ಅಂಥ ಬಳೆಗಳ ಸಾಲೇ ಆ ಟ್ಯೂಬು. ಇದನ್ನು ಯೋಚಿಸಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಸುಮಾರು 15 ಕೆಲ್ವಿನ್‌ಗಿಂತ ಕೆಳಗೆ, ಅಂದರೆ ಮೈನಸ್ 258 ಡಿಗ್ರಿಯ ಚಳಿಯಲ್ಲಿ, ಆ ಟ್ಯೂಬುಗಳಲ್ಲೂ ಸೂಪರ್‌ಕಂಡಕ್ಟಿವಿಟಿಯ ಗುರುತು ಸಿಕ್ಕಿತು. ಅದೇ ವರ್ಷ ಫ್ರಾನ್ಸ್‌ನವರು ಟ್ಯೂಬುಗಳನ್ನು ಹಗ್ಗದ ಹಾಗೆ ಕಟ್ಟಿದ ಕಂತೆಯಲ್ಲೂ ಕಂಡರು. ಅದಕ್ಕೆ ಇನ್ನೂ ಚಳಿ ಬೇಕಿತ್ತು, 1 ಕೆಲ್ವಿನ್‌ಗಿಂತ ಕಡಿಮೆ.

ಎರಡರಲ್ಲೂ ಎಳೆ ಒಂಟಿಯಾಗಿರಲಿಲ್ಲ. ಪಕ್ಕದಲ್ಲಿ ಇನ್ನೊಂದಿತ್ತು. ಅಕ್ಕಪಕ್ಕದವು ಜೊತೆಗಿದ್ದರೆ ತಾಳ ಅಷ್ಟು ಸುಲಭಕ್ಕೆ ತಪ್ಪುವುದಿಲ್ಲ.

ಅಷ್ಟರಲ್ಲಿ ಹಾಲಿನವರು ಬೈಕ್ ಸ್ಟ್ಯಾಂಡ್ ಹಾಕಿ ಆಟೋ ತಳ್ಳೋಕೆ ಹೋದರು. ನಾನೂ ಹೋಗಿ ಕೈ ಕೊಟ್ಟೆ.