ಸ್ಟಾಕ್ ಕಡಿಮೆ ಬಂದಾಗ ಮೊದಲು ಹುಡುಕಬೇಕಾದ್ದು ಕಳ್ಳನನ್ನಲ್ಲ

ಗೋದಾಮಿನ ಸ್ಟಾಕ್ ಲೆಕ್ಕ ನೋಡುವುದು ನನ್ನ ಕೆಲಸ. ಮಾಲು ಕಡಿಮೆ ಬಂತು ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ 'ಯಾರು?' ಅಂತ. 'ಹೇಗೆ?' ಅಂತ ಕೇಳುವವರು ತೀರಾ ಕಡಿಮೆ.

ಹಿಂದೆ ನಾನಿದ್ದ ಒಂದು ಕಡೆ ಒಂದೇ ಐಟಂ ತಿಂಗಳು ತಿಂಗಳೂ ಕಡಿಮೆ ಬರುತ್ತಿತ್ತು. ಬೆಳಗಿನ ಮೀಟಿಂಗಿನಲ್ಲಿ ಸೂಪರ್‌ವೈಸರ್ ಎಲ್ಲರ ಎದುರಿಗೇ ರಾತ್ರಿ ಪಾಳಿಯ ಹುಡುಗನ ಕಡೆ ಬೊಟ್ಟು ಮಾಡಿದರು. ಸಾಕ್ಷಿ? ಬೀಗದ ಕೈ ಅವನ ಹತ್ತಿರ ಇರುತ್ತಿತ್ತು, ಅಷ್ಟೇ. ಮೆಮೊ ಕೊಟ್ಟು ಬೇರೆ ವಿಭಾಗಕ್ಕೆ ಹಾಕಿದರು.

ಅವನು ಹೋದ ಮೇಲೂ ಕೊರತೆ ನಿಲ್ಲಲಿಲ್ಲ. ನಾನು ಇನ್‌ವರ್ಡ್ ಎಂಟ್ರಿ, ಅಂದರೆ ಒಳಗೆ ಬಂದ ಮಾಲಿನ ದಾಖಲೆ ತೆಗೆದು ಕೂತೆ. ಎಷ್ಟು ಬಾಕ್ಸ್ ಬಂದಿದೆಯೋ ಸರಿಯಾಗಿ ಅದರ ಎರಡರಷ್ಟು ಪೀಸ್ ಕಡಿಮೆ! ಕಳ್ಳತನ ಇಷ್ಟು ಲೆಕ್ಕಾಚಾರವಾಗಿ ಆಗುವುದಿಲ್ಲ ಅಲ್ವಾ? ಒಂದು ಬಾಕ್ಸ್ ಬಿಚ್ಚಿ ಎಣಿಸಿದರೆ 10 ಪೀಸ್. ಸಿಸ್ಟಂನಲ್ಲಿ ಬಾಕ್ಸಿಗೆ 12 ಅಂತ ಇತ್ತು. ಸಪ್ಲೈಯರ್ ಪ್ಯಾಕಿಂಗ್ ಬದಲಿಸಿದ್ದರು, ಸಿಸ್ಟಂನಲ್ಲಿ ಪ್ರತಿ ಐಟಂನ ವಿವರ ಇರುವ ಪಟ್ಟಿ, ಅಂದರೆ ಐಟಂ ಮಾಸ್ಟರ್, ಯಾರೂ ತಿದ್ದಿರಲಿಲ್ಲ.

ಇಂಥದ್ದೇ ತಪ್ಪು ದೊಡ್ಡ ಮಟ್ಟದಲ್ಲಿ ಆದರೆ ಏನಾಗುತ್ತದೆ ಅನ್ನುವುದಕ್ಕೆ ಬ್ರಿಟನ್ನಿನ ಸರ್ಕಾರಿ ಒಡೆತನದ ಪೋಸ್ಟ್ ಆಫೀಸ್ ಸಂಸ್ಥೆ ಉದಾಹರಣೆ. ಅಲ್ಲಿನ 'ಹೊರೈಜನ್' ಅನ್ನುವ ಲೆಕ್ಕದ ಸಾಫ್ಟ್‌ವೇರ್ ತೋರಿಸಿದ ಹಣದ ಸುಳ್ಳು ಕೊರತೆಯನ್ನು ನಂಬಿ 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು; ಹೆಚ್ಚಿನವರು ಅಂಚೆ ಕಚೇರಿ ನಡೆಸುತ್ತಿದ್ದವರು. ಕೆಲವರು ಜೈಲಿಗೆ ಹೋದರು, ಮನೆ ಕಳೆದುಕೊಂಡರು, ಜೀವ ಕಳೆದುಕೊಂಡವರೂ ಇದ್ದಾರೆ. ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡಲು 2024ರಲ್ಲಿ ಕಾನೂನನ್ನೇ ತರಬೇಕಾಯಿತು. ಇದನ್ನು ಓದುವಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ನಮ್ಮಲ್ಲಿ ಇನ್ನೊಂದು ನಷ್ಟವೂ ಆಯಿತು, ಅದು ಯಾವ ಲೆಕ್ಕದಲ್ಲೂ ಸಿಗುವುದಿಲ್ಲ. ಮೊದಲು ಮಾಲು ಒಡೆದರೆ ಹುಡುಗರೇ ಬಂದು ಹೇಳುತ್ತಿದ್ದರು. ಮೆಮೊ ವಿಷಯ ಆದಮೇಲೆ ಬಾಯಿ ಬಿಡುವುದನ್ನೇ ನಿಲ್ಲಿಸಿದರು. ಒಡೆದ ಪೀಸ್ ಸುಮ್ನೆ ರ‍್ಯಾಕಿನ ಹಿಂದೆ ಸೇರುತ್ತಿತ್ತು. ನಮ್ಮ ಕೊರತೆ ಇನ್ನೂ ಜಾಸ್ತಿಯಾಯಿತು.

ವಿಷಯ ಗೊತ್ತಾದ ಮೇಲೆ ಸೂಪರ್‌ವೈಸರ್ ಹುಡುಗನನ್ನು ಕ್ಯಾಬಿನ್ನಿಗೆ ಕರೆದು 'ಬೇಜಾರು ಮಾಡ್ಕೋಬೇಡ' ಅಂದರಂತೆ. ಆರೋಪ ಮಾಡಿದ್ದು ಎಲ್ಲರ ಎದುರು, ಸಮಾಧಾನ ಹೇಳಿದ್ದು ಬಾಗಿಲು ಹಾಕಿಕೊಂಡು. ಇದು ನನಗೆ ಒಪ್ಪಿಗೆಯಾಗಲಿಲ್ಲ. ಮೆಮೊ ವಾಪಸ್ ಪಡೆದ ಪತ್ರ ಅವನ ಫೈಲಿಗೆ ಸೇರಬೇಕು, ಅದೇ ಮೀಟಿಂಗಿನಲ್ಲಿ ಓದಿ ಹೇಳಬೇಕು ಅಂತ ಪಟ್ಟು ಹಿಡಿದೆ. ಸ್ವಲ್ಪ ತಡವಾಗಿಯಾದರೂ ಓದಿದರು. ಆದರೂ ಅವನು ಹಳೆಯ ವಿಭಾಗಕ್ಕೆ ಮರಳಲು ಒಪ್ಪಲಿಲ್ಲ.

ಈಗ ವರದಿಯಲ್ಲಿ ಯಾರ ಹೆಸರನ್ನೇ ಬರೆಯುವ ಮೊದಲು ಇನ್‌ವರ್ಡ್, ಔಟ್‌ವರ್ಡ್, ರಿಟರ್ನ್, ಡ್ಯಾಮೇಜ್ ಎಲ್ಲವನ್ನೂ ತಾಳೆ ನೋಡುತ್ತೇನೆ. ಆರೋಪ ಯಾರ ಮೇಲಿದೆಯೋ ಅವರನ್ನೂ ಕೂರಿಸಿ ಕೇಳುತ್ತೇನೆ. ಆ ಹುಡುಗನಿಗೆ ಬಾಕ್ಸ್ ಹಗುರವಾಗಿದೆ ಅಂತ ಮೊದಲೇ ಅನಿಸಿತ್ತಂತೆ. ಅವನನ್ನು ಯಾರೂ ಕೇಳಿರಲಿಲ್ಲ.