ಬ್ಯಾರಲ್ ತಳದ ನೀರು

ಜಮಖಂಡಿ ಕಡೆಯ ನಮ್ಮ ಹೊಲದಲ್ಲಿ ಇನ್ನೂರು ಲೀಟರಿನ ಡೀಸೆಲ್ ಬ್ಯಾರಲ್ ಒಂದಿದೆ. ಕಬ್ಬಿನ ಹಂಗಾಮಿನಲ್ಲಿ ಪದೇ ಪದೇ ಪಂಪಿಗೆ ಓಡುವಷ್ಟು ಪುರುಸೊತ್ತು ಇರುವುದಿಲ್ಲವೆಂದು ಅದನ್ನು ತುಂಬಿಸಿ ಇಟ್ಟುಕೊಳ್ಳುತ್ತೇವೆ. ಕಳೆದ ವರ್ಷ ನಾಗರ ಪಂಚಮಿಯಿಂದ ದಸರೆಯವರೆಗೆ ಅದು ಶೆಡ್ಡಿನ ಹೊರಗೇ ನಿಂತಿತ್ತು. ಆಮೇಲೆ ಅದರಿಂದ ಡೀಸೆಲ್ ಹಾಕಿಕೊಂಡ ಟ್ರ್ಯಾಕ್ಟರ್ ಅರ್ಧ ಎಕರೆ ರಂಟೆ ಹೊಡೆಯುವುದರೊಳಗೆ ಮುಗ್ಗರಿಸಿ, ಬಿಳಿ ಹೊಗೆ ಬಿಟ್ಟು ನಿಂತಿತು. ಮಿಸ್ತ್ರಿ ಫಿಲ್ಟರಿನ ಕೆಳಗಿನ ಬಟ್ಟಲನ್ನು ಬಿಚ್ಚಿದಾಗ ಅದರಲ್ಲಿ ಮುಕ್ಕಾಲು ಪಾಲು ನೀರೇ ಇತ್ತು.

ಮುಚ್ಚಳ ಬಿಗಿಯಾಗಿಯೇ ಇತ್ತಲ್ಲ, ನೀರು ಹೊಕ್ಕಿದ್ದು ಹೇಗೆ ಎಂದು ನಾನು ಬಹಳ ದಿನ ತಲೆ ಕೆಡಿಸಿಕೊಂಡೆ. ನೆಟ್ಟಗೆ ನಿಲ್ಲಿಸಿದ ಬ್ಯಾರಲಿನ ತಲೆಯ ಮೇಲೆ, ಅಂಚಿನ ಒಳಗೆ, ಮಳೆನೀರು ತಟ್ಟೆಯಲ್ಲಿ ನಿಂತಂತೆ ನಿಲ್ಲುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಸ್ವಲ್ಪ ಹೊರಹೋಗುತ್ತದೆ. ರಾತ್ರಿ ತಂಪಿಗೆ ಕುಗ್ಗುವಾಗ ಮುಚ್ಚಳದ ಸವೆದ ವಾಷರಿನ ಸಂದಿಯಿಂದ ಆ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಅರ್ಧ ಖಾಲಿಯಾದ ಬ್ಯಾರಲಿನ ಒಳಗೋಡೆಯ ಮೇಲೆ ಕಟ್ಟುವ ಬೆವರು ಇದಕ್ಕೆ ಜೊತೆಯಾಗುತ್ತದೆ. ಡೀಸೆಲ್ ನೀರಿಗಿಂತ ಹಗುರವಾದ್ದರಿಂದ ನೀರೆಲ್ಲ ತಳ ಸೇರುತ್ತದೆ. ಅವೆರಡೂ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಫಿಲ್ಟರನ್ನು ಕಟ್ಟಿಸುವ ಕಪ್ಪು ಲೋಳೆಯಾಗುತ್ತವೆ.

ನೀರು ತೆಗೆಯುವ ಕೆಲಸದಲ್ಲಿ ಮುಖ್ಯವಾದುದು ಬ್ಯಾರಲನ್ನು ಅಲುಗಾಡಿಸದೆ ಇರುವುದು. ಹಿಂದಿನ ದಿನವೇ ಒಂದು ಬದಿಗೆ ಇಟ್ಟಿಗೆ ಕೊಟ್ಟು ಓರೆ ಮಾಡಿ, ಒಂದು ಹಗಲು ಒಂದು ರಾತ್ರಿ ಹಾಗೆಯೇ ಬಿಟ್ಟು, ಮರುದಿನ ಕೈಪಂಪಿನ ಕೊಳವೆಯನ್ನು ತಗ್ಗಾದ ಮೂಲೆಯವರೆಗೆ ಮೆಲ್ಲಗೆ ಇಳಿಸಿ, ನಿಧಾನವಾಗಿ ಗಾಜಿನ ಬಾಟಲಿಗೆ ಎಳೆಯಬೇಕು. ಮೊದಲು ನೀರು, ಬಳಿಕ ಕಲಕಿದ ಮಿಶ್ರಣ, ಕೊನೆಗೆ ತಿಳಿಯಾದ ಡೀಸೆಲ್ ಬರುತ್ತದೆ. ಬಾಟಲಿಯ ಹಿಂದೆ ದಿನಪತ್ರಿಕೆ ಹಿಡಿದಾಗ ಅಕ್ಷರ ಮಸುಕಾಗಿ ಕಂಡರೆ ನೀರು ಇನ್ನೂ ಬೆರೆತಿದೆ ಎಂದರ್ಥ. ಆಗ ಅದು ಇಳಿಯುವವರೆಗೆ ಕಾಯಬೇಕೇ ಹೊರತು ಬಟ್ಟೆಯಲ್ಲಿ ಸೋಸಿ ಪ್ರಯೋಜನವಿಲ್ಲ, ಏಕೆಂದರೆ ಪಂಚೆಯ ತುಂಡು ಕಸವನ್ನು ತಡೆಯುತ್ತದೆ, ನೀರನ್ನು ತಡೆಯುವುದಿಲ್ಲ.

ಕೊಳವೆಯನ್ನು ಬಾಯಿಂದ ಎಳೆಯುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಹೊಟ್ಟೆಗೆ ಹೋದದ್ದಕ್ಕಿಂತ ಶ್ವಾಸಕೋಶಕ್ಕೆ ಇಳಿದ ಕೆಲವೇ ಹನಿ ಹೆಚ್ಚು ಅಪಾಯಕಾರಿ. ಈ ಕೆಲಸವನ್ನು ಬಯಲಿನಲ್ಲಿ, ಒಲೆ, ಬೀಡಿ, ಮೋಟರಿನ ಸ್ಟಾರ್ಟರುಗಳಿಂದ ದೂರದಲ್ಲಿ ಮಾಡಬೇಕು. ಡೀಸೆಲ್ ಬೇಗ ಹೊತ್ತಿಕೊಳ್ಳುವುದಿಲ್ಲ ಎಂಬ ಧೈರ್ಯವೂ ಸಲ್ಲದು: ಪೆಟ್ರೋಲ್ ತಂದ ಕ್ಯಾನಿನಲ್ಲಿಯೇ ಡೀಸೆಲ್ ತಂದಿದ್ದರೆ, ಬೆರೆತ ಸ್ವಲ್ಪ ಪೆಟ್ರೋಲೇ ಅದನ್ನು ಸುಲಭವಾಗಿ ಹೊತ್ತಿಸಬಲ್ಲದು. ಹೊರತೆಗೆದ ನೀರನ್ನು ಕಾಲುವೆಗೋ ಬಾವಿಯ ಬದಿಗೋ ಚೆಲ್ಲದೆ, ಡಬ್ಬಿಯಲ್ಲಿ ಮುಚ್ಚಿಟ್ಟು, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡುತ್ತೇನೆ.

ಬೈಕಿನ ಪೆಟ್ರೋಲಿಗೆ ಈ ಉಪಾಯ ನಡೆಯದು. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಮೊದಲು ನೀರನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಅದರೊಂದಿಗೇ ತಳಕ್ಕೆ ಇಳಿಯುತ್ತದೆ. ಕೆಳಗಿನದನ್ನು ಬಸಿದರೂ ಮೇಲೆ ಉಳಿಯುವುದು ಎಥನಾಲ್ ಕಳೆದುಕೊಂಡ, ಆಕ್ಟೇನ್ (ಎಂಜಿನ್ ಬಡಿಯದಂತೆ ತಡೆಯುವ ಗುಣ) ಇಳಿದ ಪೆಟ್ರೋಲ್. ನಮ್ಮ ಭಾಗದ ಕಾರ್ಖಾನೆಗಳಲ್ಲಿ ನಾವೇ ಬೆಳೆದ ಕಬ್ಬಿನಿಂದ ಎಥನಾಲ್ ತಯಾರಾಗುತ್ತದೆಯಾದರೂ, ಮಳೆಗಾಲದಲ್ಲಿ ಕ್ಯಾನಿನಲ್ಲಿ ಪೆಟ್ರೋಲ್ ಇಡುವುದನ್ನು ನಾನಂತೂ ಬಿಟ್ಟಿದ್ದೇನೆ.

ಈಗ ಬ್ಯಾರಲ್ ಶೆಡ್ಡಿನ ಒಳಗೆ, ಎರಡೂ ಮುಚ್ಚಳಗಳು ಒಂದೇ ಮಟ್ಟದಲ್ಲಿ ಬರುವಂತೆ ಮರದ ಅಡ್ಡೆಯ ಮೇಲೆ ಮಲಗಿದೆ. ವಾಷರುಗಳು ಹೊಸವು. ಅಪ್ಪ ಮಾತ್ರ ಪ್ರತಿ ಸಲವೂ ಮೊದಲು ಒಂದು ಬಾಟಲಿ ತೆಗೆದು ಬಿಸಿಲಿಗೆ ಹಿಡಿದು ನೋಡಿಯೇ ಟ್ರ್ಯಾಕ್ಟರಿಗೆ ಹಾಕಲು ಬಿಡುತ್ತಾರೆ.